ಚೂರು ಬೆಲ್ಲದ ಮೇಷ್ಟ್ರು

ಪುಟ್ಟಸ್ವಾಮಯ್ಯ ಮೇಷ್ಟ್ರು ಚರಿತ್ರೆಯ ಪಾಠಕ್ಕೆ ಬರುವಾಗ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ತಕ್ಕಡಿ ಇರುತ್ತಿತ್ತು. ತಕ್ಕಡಿ ಅವರ ಅಣ್ಣ ಮಾದಪ್ಪನವರ ಬೆಲ್ಲದ ಮಂಡಿಯದು. ಹಿತ್ತಾಳೆ ತಟ್ಟೆಗಳಿಗೆ ಅಂಟಿದ್ದ ಜಿಗುಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮದ್ದೂರಿನ ಆ ಹೈಸ್ಕೂಲಿನಲ್ಲಿ ಬೇರೆ ಯಾವ ತರಗತಿಗೂ ಬಾರದಷ್ಟು ಇರುವೆಗಳು ನಮ್ಮ ತರಗತಿಗೆ ಬರುತ್ತಿದ್ದವು.

ಇಂಗ್ಲೆಂಡಿನ ವಿದೇಶಾಂಗ ನೀತಿ ಅವರಿಗೆ ಪ್ರಿಯವಾದ ವಿಷಯ. ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚುಗಳನ್ನಿಟ್ಟು ‘ಇದು ಫ್ರಾನ್ಸು’ ಎನ್ನುವರು. ಇನ್ನೊಂದರಲ್ಲಿ ಆಸ್ಟ್ರಿಯಾ, ಪ್ರಷ್ಯಾ, ರಷ್ಯಾ. ಮುಳ್ಳು ಅತ್ತಿತ್ತ ಆಡುತ್ತಿರುವಾಗ ಜೇಬಿನಿಂದ ಒಂದು ಸಣ್ಣ ಚೂರು ಬೆಲ್ಲ ತೆಗೆದು ಮೇಲೆದ್ದ ತಟ್ಟೆಗೆ ಹಾಕುವರು. ತಟ್ಟೆ ಸಮಕ್ಕೆ ಬರುವುದು.

“ನೋಡ್ರಲಾ, ಇಷ್ಟೇ ಇಂಗ್ಲೆಂಡು. ಅದಕ್ಕೆ ಸ್ನೇಹಿತ್ರೂ ಇಲ್ಲ, ಶತ್ರುಗಳೂ ಇಲ್ಲ. ಯಾವ ತಟ್ಟೆ ಮೇಲಕ್ಕೆ ಹೋಯ್ತದೋ ಆ ತಟ್ಟೆಗೆ ಈ ಚೂರು. ಫ್ರಾನ್ಸು ಬಲಿತಾಗ ಪ್ರಷ್ಯಾದ ಕಡೆ, ರಷ್ಯಾ ಬಲಿತಾಗ ತುರ್ಕಿ ಕಡೆ, ಜರ್ಮನಿ ಬಲಿತಾಗ ಅದೇ ಹಳೇ ಫ್ರಾನ್ಸಿನ ಕಡೆ. ಮೊದಮೊದಲು ಸೋಲ್ತದೆ. ಕೊನೇಲಿ ಗೆಲ್ತದೆ. ಬರ್ಕೊಳ್ಳಿ.”

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಆ ಚೂರು ಯಾರ ಆಲೆಮನೇದು ಸಾ?”

ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. “ನಮ್ದೇ ಕಣ್ಲಾ. ಇನ್ಯಾರ್ದು? ಕಳೆದ ಯುದ್ಧದಲ್ಲಿ ನಮ್ಮ ಕುದುರೆಗಳು, ನಮ್ಮ ಜನ ಕಡಲು ದಾಟಿ ಹೋಗ್ಲಿಲ್ವಾ? ಕೂತ್ಕೋ, ಪರೀಕ್ಷೆಗೆ ಅದು ಬರಲ್ಲ.” ಪಾಠ ಮುಗಿದಾಗ ಪ್ರಶ್ನೆ ಕೇಳಿದವನಿಗೇ ಆ ಚೂರು ಬೆಲ್ಲ ಸಿಕ್ಕಿತು. ಸರಿಯಾದ ಉತ್ತರಕ್ಕೋ ಒಳ್ಳೆಯ ಪ್ರಶ್ನೆಗೋ ಅದನ್ನು ಕೊಡುವುದು ಅವರ ಪದ್ಧತಿ.

ಹುಡುಗಿಯರು ನಾವು ಇಬ್ಬರೇ. ನಾನು ಮತ್ತು ಮೇಷ್ಟ್ರ ಒಬ್ಬಳೇ ಮಗಳು ಶಾರದೆ. ಅವಳು ನನ್ನ ಗೆಳತಿಯಾಗಿದ್ದಳು. ಆ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಾನು ಓದಲು ಮೈಸೂರಿಗೆ ಹೋದೆ. ಅವಳಿಗೆ ಪೂರಿಗಾಲಿಯ ಶಿವಣ್ಣನೊಡನೆ ಮದುವೆಯಾಯಿತು. ಶಿವಣ್ಣ ಶಿವನಸಮುದ್ರದ ಕರೆಂಟು ಕಾರ್ಖಾನೆಯಲ್ಲಿ ಕೆಲಸ ಕಲಿತು, ಸಂಬಳ ಹೆಚ್ಚೆಂದು ಬರ್ಮಾದ ರಂಗೂನಿಗೆ ಹೋಗಿದ್ದ. ಮದುವೆಯಾದ ಮೇಲೆ ಶಾರದೆಯನ್ನೂ ಕರೆದುಕೊಂಡು ಹೋದ.

ಎರಡನೇ ಮಹಾಯುದ್ಧ ಶುರುವಾದಾಗ ಮೇಷ್ಟ್ರ ಉತ್ಸಾಹ ಹೇಳತೀರದು. ಸಂಜೆ ಪೇಟೆಯಲ್ಲಿ ರೇಡಿಯೊ ಇದ್ದ ಅಂಗಡಿಯ ಮುಂದೆ ನಿಂತು ಸುದ್ದಿ ಕೇಳುವರು. ಆಮೇಲೆ ಮಾದಪ್ಪನವರ ಮಂಡಿಯಲ್ಲಿ ಕೂತು ಅಲ್ಲಿದ್ದವರಿಗೆಲ್ಲ ಅದನ್ನು ಬಿಡಿಸಿ ಹೇಳುವರು. ಫ್ರಾನ್ಸು ಬಿದ್ದ ಸುದ್ದಿ ಬಂದ ದಿನ ಮಾದಪ್ಪನವರು, “ನಿನ್ನ ಇಂಗ್ಲೆಂಡು ಮುಳುಗ್ತು ಬುಡು, ತಕ್ಕಡಿ ಈಚೆ ಕೊಡು, ಗಿರಾಕಿ ಕಾಯ್ತಾವ್ರೆ” ಎಂದರಂತೆ. ಮೇಷ್ಟ್ರು ಕದಲಲಿಲ್ಲ. “ಮೊದಲು ಸೋಲ್ತದೆ ಅಂತ ನಾನು ಹೇಳಿರ್ನಿಲ್ವಾ ಅಣ್ಣ? ಲೆಕ್ಕದ ಪ್ರಕಾರವೇ ನಡೀತಾ ಇದೆ.”

ಆ ವರ್ಷ ಕಳೆದು ಮುಂದಿನ ವರ್ಷ ಶಾರದೆ ಬಾಣಂತನಕ್ಕೆಂದು ಮದ್ದೂರಿಗೆ ಬಂದಳು. ಹೆಣ್ಣು ಮಗು. ದಸರಾ ರಜೆಯಲ್ಲಿ ನಾನು ಊರಿಗೆ ಬಂದಾಗ ಮಗು ತಲೆ ನಿಲ್ಲಿಸುತ್ತಿತ್ತು. ಶಿವಣ್ಣ ಹೆಂಡತಿ ಮಗುವನ್ನು ಕರೆದೊಯ್ಯಲು ಬಂದಿದ್ದ. ಆದರೆ ಅವನಿಗೇ ಅನುಮಾನವಿತ್ತು. ಜಪಾನಿನವರ ವಿಷಯವಾಗಿ ರಂಗೂನಿನಲ್ಲಿ ಜನ ಏನೇನೋ ಮಾತಾಡುತ್ತಿದ್ದಾರೆ, ಶಿವನಸಮುದ್ರದಲ್ಲಿ ಹಳೆಯ ಕೆಲಸ ಕೇಳಿದರೆ ಸಿಗಬಹುದು ಎಂದ. “ನೀವು ಹೇಳ್ದಂಗೆ ಮಾವ. ನೀವು ತಿಳಿದೋರು.”

ನಾನು ಜಗಲಿಯ ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದೆ. ಮೇಷ್ಟ್ರ ಹೆಂಡತಿ ಗೌರಮ್ಮ ಬಾಗಿಲಲ್ಲಿ ನಿಂತು, “ಕಳ್ಸೋದು ಬ್ಯಾಡ. ಇನ್ನೂ ಹಸಿ ಮೈ ಅವಳ್ದು. ಯುದ್ಧ ಮುಗೀಲಿ” ಎಂದರು.

ಮೇಷ್ಟ್ರು ತಕ್ಕಡಿ ತಂದರು. ಒಂದು ತಟ್ಟೆಗೆ ಜರ್ಮನಿ, ಇಟಲಿ, ಜಪಾನು. ಇನ್ನೊಂದಕ್ಕೆ ಇಂಗ್ಲೆಂಡು, ರಷ್ಯಾ. ಆಮೇಲೆ ಒಂದು ದೊಡ್ಡ ಅಚ್ಚನ್ನು ಕೈಯಲ್ಲಿ ಹಿಡಿದು ತೋರಿಸಿದರು. “ಇದು ಅಮೆರಿಕ. ಇನ್ನೂ ತಟ್ಟೆಗೆ ಬಿದ್ದಿಲ್ಲ, ಬೀಳ್ತದೆ. ಜಪಾನಿನೋನಿಗೆ ಇದು ಗೊತ್ತು. ಸಿಂಗಾಪುರ ಮುಂದೆ ಇರೋವಾಗ ರಂಗೂನು ಮುಟ್ಟೋಕೆ ಅವನು ಹುಚ್ಚನಾಗಿರಬೇಕು. ಶಿವಣ್ಣ, ಧೈರ್ಯವಾಗಿ ಕರ್ಕೊಂಡು ಹೋಗಪ್ಪ. ಇಂಗ್ಲೆಂಡು ಕೊನೇಲಿ ಗೆದ್ದೇ ಗೆಲ್ತದೆ.”

“ನಿಮ್ಮ ಇಂಗ್ಲೆಂಡು ಅಲ್ಲಿಗ್ ಬಂದು ಬಾಣಂತಿಗೆ ನೀರು ಕಾಯ್ಸಿ ಉಯ್ತದಾ?” ಎಂದರು ಗೌರಮ್ಮ.

ಎಲ್ಲರೂ ನಕ್ಕೆವು. ಶಾರದೆ ಕೈ ಚಾಚಿ ತಟ್ಟೆಯಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಳು. “ಯುದ್ಧ ಮುಗೀತು ಅಪ್ಪ, ಮೇಲೇಳಿ” ಎಂದಳು. ಆ ವಾರವೇ ಹೊರಟರು.

ಮೇಷ್ಟ್ರ ಸೂತ್ರದಲ್ಲೇ ಎಚ್ಚರಿಕೆ ಇತ್ತು. ಮೊದಲು ಸೋಲುತ್ತದೆ ಎಂದು ನಮಗೆಲ್ಲ ಬರೆಸಿದವರು ಅವರೇ. ಎಲ್ಲಿ ಸೋಲುತ್ತದೆ, ಆಗ ಅಲ್ಲಿ ಯಾರಿರುತ್ತಾರೆ ಎಂದು ಅವರು ಕೇಳಿಕೊಳ್ಳಲಿಲ್ಲ. ಯುದ್ಧವೆಂದರೆ ಅವರಿಗೆ ಕೊನೆಗೆ ಆದ ಶಾಂತಿ ಒಪ್ಪಂದದಿಂದ ಹಿಂದಕ್ಕೆ ಓದುವ ವಿಷಯವಾಗಿತ್ತು. ಪುಸ್ತಕಗಳು ಹಾಗೆಯೇ ಇರುತ್ತವೆ. ನಾನು ಓದಿದ್ದೂ ಅಂಥವನ್ನೇ.

ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಶಿವರಾತ್ರಿಯ ಹೊತ್ತಿಗೆ ಸಿಂಗಾಪುರವೂ ಬಿತ್ತು. ಮೇಷ್ಟ್ರು ದಿನವೂ ಅಂಚೆಯವನು ಬರುವ ಹೊತ್ತಿಗೆ ಬೀದಿಗೆ ಬಂದು ನಿಲ್ಲುತ್ತಿದ್ದರೆಂದು ನನ್ನ ತಾಯಿ ಹೇಳಿದರು. ತಕ್ಕಡಿ ಆಗಿನ್ನೂ ಅವರ ಮನೆಯಲ್ಲೇ ಇತ್ತು.

ಶಿವಣ್ಣ ಬಂದದ್ದು ಮುಂಗಾರು ಹಿಡಿದ ಮೇಲೆ. ಶಾಲೆ ಶುರುವಾಗಿತ್ತು, ನನ್ನ ಕಾಲೇಜಿನ ಬೇಸಿಗೆ ರಜೆ ಮಾತ್ರ ಇನ್ನೂ ಮುಗಿದಿರಲಿಲ್ಲ. ನಾನು ಗೌರಮ್ಮನವರ ಬಳಿ ಕೂತು ಅವರೆಕಾಳು ಆರಿಸುತ್ತಿದ್ದೆ. ಸ್ಟೇಷನ್ನಿನ ಕಡೆಯಿಂದ ನಡೆದು ಬಂದವನನ್ನು ಮೊದಲು ಯಾರೋ ಭಿಕ್ಷೆಯವನು ಅಂದುಕೊಂಡೆವು. ಕಾಲಿಗೆ ಚಿಂದಿ ಸುತ್ತಿಕೊಂಡಿದ್ದ. ಗುರುತು ಹತ್ತಿದ ಕೂಡಲೇ ಗೌರಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟರು. ಅವನ ಹೆಗಲಾಚೆ ಬೀದಿಯನ್ನು ನೋಡುತ್ತ ಕೇಳಿದರು: “ಹಿಂದೆ ಬತ್ತಾವ್ರಾ?”

“ಇಲ್ಲ ಅತ್ತೆ.”

ಗೌರಮ್ಮ ಬೀದಿಯಿಂದ ಕಣ್ಣು ತೆಗೆಯಲಿಲ್ಲ.

ಶಾಲೆಯಿಂದ ಮೇಷ್ಟ್ರನ್ನು ಕರೆಸಿದೆವು. ಅವರು ಕೇಳಿದ್ದು ಒಂದೇ ಮಾತು: “ಯಾವ ದಾರೀಲಿ ಬಂದ್ರಿ?” ಶಿವಣ್ಣ ಹೇಳಿದ. ಹಡಗಿನಲ್ಲಿ ಜಾಗ ಸಿಗಲಿಲ್ಲ. ಬೆಟ್ಟಗಳ ಮೇಲೆ ಅಸ್ಸಾಮಿನ ಕಡೆಗೆ ನಡೆದರು. “ಬಿಳಿಯೋರಿಗೆ ಒಂದು ದಾರಿ ಇತ್ತು ಮಾವ. ಅದ್ರಲ್ಲಿ ನೀರು, ಅನ್ನ, ಡಾಕ್ಟ್ರು ಎಲ್ಲ ಇತ್ತಂತೆ. ನಮ್ಮೋರ್ನ ಅದಕ್ಕೆ ಬುಡ್ನಿಲ್ಲ.” ಮಗು ಒಂದು ಹೊಳೆ ದಾಟಿದ ಮೇಲೆ ಹೋಯಿತು. ಶಾರದೆ ಬೆಟ್ಟದ ಮೇಲಿನ ಬಿಡಾರದಲ್ಲಿ ವಾಂತಿಭೇದಿಯಿಂದ ಹೋದಳು. ಹೂಳಲು ಬಿಡಾರದವರು ಅವನಿಗೆ ಹೊತ್ತು ಕೊಡಲಿಲ್ಲ.

ಅಂದಿನಿಂದ ಗೌರಮ್ಮ ಗಂಡನೊಡನೆ ಮಾತು ಬಿಟ್ಟರು. ಅಡಿಗೆ ಮಾಡುವರು, ಬಡಿಸುವರು, ಅವರ ಪಂಚೆ ಒಗೆದು ಮಡಿಸಿಡುವರು. ಮಾತು ಮಾತ್ರ ಇಲ್ಲ. ನಾನು ಹೋದಾಗ ಅವರಿಗೆ ಸ್ವಲ್ಪ ಅನುಕೂಲವಾಗುತ್ತಿತ್ತು. “ಕಾಫಿ ತಣ್ಣಗಾಯ್ತದೆ ಅಂತ ಹೇಳವ್ವ ಅವ್ರಿಗೆ” ಎನ್ನುವರು, ಮೇಷ್ಟ್ರು ಒಂದು ಮಾರು ದೂರದಲ್ಲಿ ಕೂತಿರುವಾಗ. ನಾನು ಹೇಳುವೆ. ಮೇಷ್ಟ್ರು, “ಕುಡೀತೀನಿ ಅಂತ ಹೇಳಮ್ಮ” ಎನ್ನುವರು.

ತಕ್ಕಡಿ ಮಂಡಿಗೆ ವಾಪಸು ಹೋಯಿತು. ಶಾಲೆಯಲ್ಲಿ ಅವರು ಬರಿಯ ಟಿಪ್ಪಣಿ ಬರೆಸುತ್ತಿದ್ದರು: ಯುದ್ಧದ ಕಾರಣಗಳು, ಯುದ್ಧದ ಪರಿಣಾಮಗಳು. ಇರುವೆಗಳೂ ಬರುವುದನ್ನು ಬಿಟ್ಟವು.

ಇಂಗ್ಲೆಂಡು ಯುದ್ಧ ಗೆದ್ದಾಗ ಶಾಲೆಯಲ್ಲಿ ಸಭೆ ನಡೆಯಿತು. ಊರಿನವರನ್ನೂ ಕರೆದಿದ್ದರು, ನಾನೂ ಹೋಗಿದ್ದೆ. ಮಕ್ಕಳಿಗೆ ಸಿಹಿ ಹಂಚಿದರು. ಹೆಡ್‌ಮಾಸ್ಟರು ಒಳ್ಳೆಯ ಮನಸ್ಸಿನಿಂದಲೇ, “ನಮ್ಮ ಪುಟ್ಟಸ್ವಾಮಯ್ಯನವರು ಮೊದಲೇ ಹೇಳಿದ್ದರು, ಅವರು ಎರಡು ಮಾತಾಡಬೇಕು” ಎಂದರು. ಮೇಷ್ಟ್ರು ಎದ್ದರು. ಮೇಜಿನ ಅಂಚನ್ನು ಹಿಡಿದುಕೊಂಡರು.

“ಗೆದ್ದರು. ನಾನು ಹೇಳಿದ್ದು ಸರಿಯಾಗಿತ್ತು.”

ಅಷ್ಟು ಹೇಳಿ ಕೂತರು. ಚಪ್ಪಾಳೆ ಬಿತ್ತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸ್ವಾತಂತ್ರ್ಯ ಬಂದ ವರ್ಷ, ದೀಪಾವಳಿಗೆ ಮುಂಚೆ. ಮಂಡ್ಯದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಲು ನನಗೆ ಕೆಲಸ ಸಿಕ್ಕಿತ್ತು, ಅದನ್ನು ತಿಳಿಸಲು ಹೋಗಿದ್ದೆ. ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು.

“ಇಂಗ್ಲೆಂಡಿನ ಯುದ್ಧಗಳ ಪಾಠ ಇನ್ನೂ ಇದೆಯಾ ಪುಸ್ತಕದಲ್ಲಿ?”

“ಇದೆ ಮೇಷ್ಟ್ರೆ.”

“ಹಾಗಾದ್ರೆ ಪರಿಣಾಮಗಳನ್ನ ಮೊದಲು ಹೇಳಮ್ಮ. ಮನುಷ್ಯರಿಗೆ ಏನಾಯ್ತು ಅಂತ. ಕಾರಣಗಳನ್ನ ಆಮೇಲೆ ಹೇಳು. ಮೊದಲೇ ಕಾರಣ ಹೇಳಿದ್ರೆ ಎಲ್ಲಾ ಸರಿಯಾಗೇ ಇದೆ ಅನ್ಸಿಬಿಡ್ತದೆ.” ಆಮೇಲೆ ಕೇಳಿದರು, “ಆ ಹುಡುಗ ಎಲ್ಲಿದಾನೆ ಈಗ? ಆಲೆಮನೆ ಯಾರ್ದು ಅಂತ ಕೇಳ್ದೋನು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೆ. ಒಳಗಿನಿಂದ ಗೌರಮ್ಮ, “ಬಿಸಿಲು ಬಂತು, ಒಳಗೆ ಕೂತ್ಕೋಬೇಕು ಅಂತ ಹೇಳವ್ವ” ಎಂದರು. ನಾನು ಹೇಳಿದೆ. ಅವರು ಎದ್ದು ಒಳಗೆ ಹೋದರು.

ಸಂಕ್ರಾಂತಿಗೆ ಮೊದಲು ಮೇಷ್ಟ್ರು ಹೋದರೆಂದು ಸುದ್ದಿ ಬಂತು. ನಾನು ಮಂಡ್ಯದಿಂದ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗೌರಮ್ಮ ಜಗಲಿಯ ಮೇಲೆ ಅದೇ ಕಂಬದ ಪಕ್ಕ ಕೂತಿದ್ದರು. ಬೀದಿ ನೋಡುತ್ತಲೇ ಹೇಳಿದರು:

“ಉಣ್ಣಾಕೆ ಬನ್ನಿ ಅಂದೆ ಕಣವ್ವ. ನಾನೇ ಬಾಯ್ಬುಟ್ಟು ಕರದೆ, ಅವಳು ಹೋದ್ಮೇಲೆ ಮೊದಲ್ನೇ ಸಲ. ಇಲ್ಲೇ ಒರಗಿ ಕುಂತಿದ್ರು, ಮಾತಾಡ್ನಿಲ್ಲ. ಅವರ್ಗೂ ಕೋಪ ಇರ್ಬೋದು ಅಂದ್ಕಂಡು ಇನ್ನೊಂದ್ಸಲ ಕರದೆ.”