ಆರು ವಾರದ ಗೋಧಿ

ಪೇಟೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕಿರಾಣಿಯವರಿಗೆ, ಮೀನಿನವರಿಗೆ, ಔಷಧಿ ಅಂಗಡಿಯವರಿಗೆ, ಎಲ್ಲರಿಗೂ ಆಕೆ ತಕ್ಕಡಿಯಕ್ಕ. ಕೆಟ್ಟ ತಕ್ಕಡಿಗಳನ್ನು ಸರಿಪಡಿಸುವ ಕಸುಬನ್ನು ತಂದೆಯಿಂದ ಕಲಿತು ಇಪ್ಪತ್ತೆಂಟು ವರ್ಷವಾಗಿತ್ತು. ಮಹಡಿ ಮೆಟ್ಟಿಲಿನ ಕೆಳಗಿನ ಇಕ್ಕಟ್ಟು ಕೋಣೆಯೇ ಕಾರ್ಯಾಗಾರ. ರಸ್ತೆಯ ನಡುಕ ತಟ್ಟದಿರಲೆಂದು ಗೋಡೆಯಿಂದ ಗೇಣುದ್ದ ದೂರವಿಟ್ಟ ಕಲ್ಲಿನ ಮೇಜು, ಬೆವರು ತಾಗದಿರಲೆಂದು ಬಟ್ಟೆಯಲ್ಲೇ ಹಿಡಿದೆತ್ತುವ ಹಿತ್ತಾಳೆಯ ತೂಕದ ಬಟ್ಟುಗಳು. ರಿಪೇರಿ ಮುಗಿದರೂ ಮೂರು ಬಾರಿ ತೂಗಿ ನೋಡದೆ ‘ಸರಿಯಾಗಿದೆ’ ಎಂಬ ಮಾತು ಆಕೆಯ ಬಾಯಿಂದ ಹೊರಡುತ್ತಿರಲಿಲ್ಲ. ಅವಸರದ ಗಿರಾಕಿಗಳು ಗೊಣಗುತ್ತಿದ್ದರು. ಗೊಣಗಿದವರೇ ಮರಳಿ ಬರುತ್ತಿದ್ದರು.

ಆಕೆಯ ಸ್ವಂತ ತೂಕ ಮಾತ್ರ ಎರಡು ವರ್ಷದಿಂದ ಇಳಿಯುತ್ತಲೇ ಇತ್ತು. ಉಂಡರೆ ಹೊಟ್ಟೆ ಉಬ್ಬರ, ಉಣ್ಣದಿದ್ದರೆ ಕಾಲಿನಲ್ಲಿ ಕಸುವಿಲ್ಲ. ರಕ್ತ ಕಡಿಮೆಯೆಂದು ನುಂಗಿದ ಕಬ್ಬಿಣದ ಮಾತ್ರೆಗಳೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾದವು. ಆಕೆಯ ತಾಯಿಗೂ ಹೀಗೆಯೇ ಇತ್ತು. “ಅವಳ ಹೊಟ್ಟೆಯೇ ಅಷ್ಟು” ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಹಾಗೆ ಒಪ್ಪಿಕೊಂಡವರ ನಡುವೆಯೇ ಆ ತಾಯಿ ಕಡ್ಡಿಯಾಗಿ ಸವೆದು ಐವತ್ತೆಂಟಕ್ಕೆ ತೀರಿಹೋದಳು. ಕಾಯಿಲೆಗೆ ಒಂದು ಹೆಸರೂ ಸಿಗಲಿಲ್ಲ. ಈಗ ತನ್ನ ಮಗಳ ಸರದಿಯೋ ಎಂಬ ಅಳುಕು ತಕ್ಕಡಿಯಕ್ಕನಿಗೆ. ಮಗಳು ಇಪ್ಪತ್ತಾರರವಳು, ಮನೆಮನೆಗೆ ಅಂಚೆ ಹಂಚುವವಳು. ಮೂರನೆಯ ಮಹಡಿಗೆ ಒಂದು ಪತ್ರ ಕೊಟ್ಟು ಬರುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಅವಳ ಚೀಲದಲ್ಲೂ ಕಬ್ಬಿಣದ ಮಾತ್ರೆಯೇ.

ತಕ್ಕಡಿಯಕ್ಕನ ಹೊಸ ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಸಾಲುಗಳಿದ್ದವು. ಟಿಟಿಜಿ ಎಂಬುದರ ಎದುರು ನಲವತ್ತಾರು. ಹತ್ತರೊಳಗಿರಬೇಕೆಂದು ಪಕ್ಕದಲ್ಲೇ ಅಚ್ಚಾಗಿತ್ತು. ಅದರ ಕೆಳಗೆ ‘ಒಟ್ಟು ಐಜಿಎ’, ಅದು ಮಿತಿಯೊಳಗೇ ಇತ್ತು. ಗಂಡ ಫೋನಿನಲ್ಲಿ ಅರ್ಧ ಗಂಟೆ ತಡಕಾಡಿ ತೀರ್ಪು ಕೊಟ್ಟ.

“ಸೀಲಿಯಾಕ್ ಅಂತೆ ಕಣೇ. ಗೋಧಿ, ಬಾರ್ಲಿ ಕರುಳಿಗೆ ಆಗಲ್ಲ. ಇವತ್ತಿಂದಲೇ ಬಂದ್.”

“ಡಾಕ್ಟರು ಇನ್ನೂ ಏನೂ ಹೇಳಿಲ್ವಲ್ಲರೀ.”

“ಕಳೆ ಕಣ್ಣಿಗೆ ಬಿದ್ದ ಮೇಲೆ ಕೀಳೋಕೆ ಯಾರ ಅಪ್ಪಣೆ ಬೇಕು?”

ಆತ ಉದ್ಯಾನದ ತೋಟಗಾರ, ಕಿತ್ತರೆ ಬೇರುಸಹಿತ. ಸಂಜೆಯೊಳಗೆ ಹಿಟ್ಟಿನ ಡಬ್ಬಿ ಮೇಲಿನ ಮನೆಯವರ ಪಾಲಾಯಿತು, ಬ್ರೆಡ್ ಕೊಯ್ಯುವ ಹಲಗೆ ಕಸದ ಪಾಲಾಯಿತು, ಕಪಾಟುಗಳು ಬಿಸಿನೀರು ಕಂಡವು. ಹನ್ನೆರಡು ದಿನ ಆಕೆ ಅನ್ನ, ಮೊಟ್ಟೆ, ಆಲೂಗಡ್ಡೆಯಲ್ಲೇ ಕಳೆದಳು. ಹೊಟ್ಟೆ ಹಗುರಾಯಿತು. ಗಂಡ ತಾನೇ ವೈದ್ಯನೆಂಬಂತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ.

ಹದಿಮೂರನೆಯ ದಿನ ಇಬ್ಬರೂ ಹೊಟ್ಟೆಯ ತಜ್ಞರ ಮುಂದೆ ಕುಳಿತಿದ್ದರು. ಆಕೆ ವರದಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

“ಈ ನಲವತ್ತಾರು ಏನು ಹೇಳುತ್ತೆ ಡಾಕ್ಟರೇ?”

“ಗೋಧಿ ತಿಂದಾಗ ನಿಮ್ಮ ದೇಹ ತನ್ನ ಕರುಳಿನ ಮೇಲೇ ಜಗಳಕ್ಕೆ ಹೋಗ್ತಿರಬಹುದು ಅನ್ನುತ್ತೆ. ಬಲವಾದ ಅನುಮಾನ. ಆದರೆ ಅನುಮಾನ ಅಷ್ಟೇ.”

“ಕೆಳಗಿನ ಸಾಲು?”

“ಕೆಲವರಲ್ಲಿ ಐಜಿಎ ಅನ್ನೋ ರಕ್ತದ ಅಂಶವೇ ತೀರಾ ಕಡಿಮೆ ಇರುತ್ತೆ. ಅಂಥವರಲ್ಲಿ ಕಾಯಿಲೆ ಇದ್ದರೂ ಮೇಲಿನ ಸಂಖ್ಯೆ ಏರೋದಿಲ್ಲ, ನಮಗೆ ಮೋಸ ಆಗುತ್ತೆ. ನಿಮಗೆ ಆ ತೊಂದರೆ ಇಲ್ಲ.”

“ತಕ್ಕಡಿ ನೋಡೋ ಮೊದಲು ಬಟ್ಟು ಸರಿಯಿದೆಯಾ ನೋಡಿಕೊಂಡ ಹಾಗೆ.”

“ಹಾಗೇ ಅಂದುಕೊಳ್ಳಿ. ಇನ್ನು ಬಾಯಿಂದ ಸಣ್ಣ ಕೊಳವೆ ಇಳಿಸಿ ಕರುಳಿನ ಚೂರುಗಳನ್ನ ತೆಗೆದು ನೋಡಬೇಕು. ಗೋಧಿ ತಿಂತಾನೇ ಇದ್ದೀರಲ್ಲ?”

“ಹನ್ನೆರಡು ದಿನದಿಂದ ಒಂದು ಚೂರೂ ಇಲ್ಲ,” ಎಂದು ಗಂಡ ಎದೆಯುಬ್ಬಿಸಿ ಹೇಳಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಗೋಧಿ ನಿಲ್ಲಿಸಿದರೆ ಕರುಳಿನ ಗಾಯ ಮಾಯತೊಡಗುತ್ತದೆ. ಮಾಯುತ್ತಿರುವ ಕರುಳಿನ ಚೂರು ಕಾಯಿಲೆಯೇ ಇಲ್ಲವೆಂದು ಸುಳ್ಳುಸಾಕ್ಷಿ ಹೇಳಬಹುದು. ಮತ್ತೆ ತಿನ್ನಬೇಕು, ದಿನಕ್ಕೆ ಎರಡು ಹೊತ್ತಾದರೂ, ಆರು ವಾರ.

“ಬಲವಂತ ಏನಿಲ್ಲ. ತೀರಾ ತಡೀದಿದ್ದರೆ ಬಂದು ಹೇಳಿ. ಆದರೆ ತಿನ್ನದೇ ಇದ್ದರೆ ನಾನು ಖಚಿತವಾಗಿ ಹೌದು, ಇಲ್ಲ ಅನ್ನೋಕಾಗಲ್ಲ.”

“ಹಾವು ಕಚ್ಚಿದೋಳಿಗೆ ಮತ್ತೆ ಹಾವು ಬಿಟ್ಟು ನೋಡೋಣ ಅಂದ ಹಾಗಾಯ್ತು,” ಎಂದ ಗಂಡ.

ತಕ್ಕಡಿಯಕ್ಕ ಆತನತ್ತ ತಿರುಗಲಿಲ್ಲ. “ಖಾಲಿ ತಟ್ಟೆಗೆ ಮುಳ್ಳು ಸೊನ್ನೆ ತೋರಿಸಿದರೆ ತಕ್ಕಡಿ ಸರಿಯಿದೆ ಅಂತ ನಾನು ಬರಕೊಡಲ್ಲ. ಭಾರ ಹಾಕಲೇಬೇಕು. ತಿಂತೀನಿ ಡಾಕ್ಟರೇ.”

ಹೊರಡುವಾಗ ಮಗಳ ವಿಷಯವನ್ನೂ ಕೇಳಿದಳು. ತಾಯಿಗಿದ್ದರೆ ಮಕ್ಕಳಿಗೂ ಇರುವ ಸಾಧ್ಯತೆ ಹೆಚ್ಚು; ಅವಳಿಗೂ ರಕ್ತಪರೀಕ್ಷೆ ಆಗುವುದೊಳ್ಳೆಯದು ಎಂದರು ಡಾಕ್ಟರು. ಸಂಜೆ ಆ ಮಾತೆತ್ತಿದಾಗ ಮಗಳು ಬೂಟು ಬಿಚ್ಚುತ್ತಲೇ ತಳ್ಳಿಹಾಕಿದಳು.

“ಇರಬಹುದು, ಆಗಬಹುದು ಅನ್ನೋದಕ್ಕೆಲ್ಲ ರಜಾ ಹಾಕಿ ಸೂಜಿ ಚುಚ್ಚಿಸಿಕೊಳ್ಳೋಕಾಗಲ್ಲಮ್ಮ. ಬೇಕಾದಷ್ಟು ಸಲ ಕೊಟ್ಟಾಗಿದೆ ರಕ್ತ. ನಿನ್ನದು ಹೌದು ಅಂತ ಆಗಲಿ, ಅವತ್ತೇ ಹೋಗ್ತೀನಿ.”

“ಮಾತು ಕೊಟ್ಟಂಗೆ ತಾನೆ?”

“ಕೊಟ್ಟಂಗೆ.”

ಆ ‘ಹೌದು’ ಅಥವಾ ‘ಇಲ್ಲ’ ಈಗ ಆಕೆಯೊಬ್ಬಳದಾಗಿ ಉಳಿಯಲಿಲ್ಲ. ಹೆಸರು ಸಿಗದ ಕಾಯಿಲೆಯೇ ಆಕೆಯ ತಾಯಿಯನ್ನು ತಿಂದು ತೇಗಿತ್ತು.

ಬ್ರೆಡ್ ತರಲು ಗಂಡ ಒಪ್ಪಲಿಲ್ಲ. “ನನ್ನ ಕೈಯಾರೆ ವಿಷ ತಂದುಕೊಡಲಾ?” ಎಂದು ಮುಖ ತಿರುಗಿಸಿದ. ಆಕೆಯೇ ಬೇಕರಿಗೆ ಹೋಗಿಬಂದಳು. ಬೆಳಿಗ್ಗೆ ಎರಡು ತುಂಡು, ಮಧ್ಯಾಹ್ನ ಎರಡು ತುಂಡು. ತಿಂದದ್ದನ್ನೂ ಹೊಟ್ಟೆಯ ಪಾಡನ್ನೂ ಒಂದು ಹಾಳೆಯಲ್ಲಿ ಗುರುತು ಹಾಕುತ್ತ ಹೋದಳು. ಮೊದಲ ವಾರ ಹೇಗೋ ಕಳೆಯಿತು. ಮೂರನೆಯ ವಾರ ಹೊಟ್ಟೆ ಉಬ್ಬಿ ಸೊಂಟದ ಬೆಲ್ಟಿನ ತೂತು ಬದಲಾಯಿತು: ಬೆಳಿಗ್ಗೆ ಒಂದು ತೂತು, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು. ಕಲ್ಲಿನ ಮೇಜಿಗೆ ಹೊಟ್ಟೆಯೊತ್ತಿ ಬಾಗಿ ಕೆಲಸ ಮಾಡುವುದು ಆಗದ ಮಾತಾಯಿತು. ತಕ್ಕಡಿಗಳನ್ನು ಕೆಳಗಿಳಿಸಿ ನೆಲದ ಮೇಲೆ ಕುಳಿತು ಬಿಚ್ಚಿದಳು, ತೂಗಲು ಮಾತ್ರ ಮೇಜಿಗೇರಿಸಿದಳು.

“ಏನಕ್ಕ, ಬಡ್ತಿ ಸಿಕ್ಕಿ ನೆಲಕ್ಕೆ ಬಂದೆಯಾ?” ಎಂದು ಮೀನಿನವನು ಕಿಚಾಯಿಸಿದ.

“ಮೇಲೆ ಕೂತಿದ್ದಾಗ ನಿನ್ನ ಮೀನಿನ ವಾಸನೆ ನೇರ ಮೂಗಿಗೇ ಹೊಡೀತಿತ್ತು. ನಡಿ, ನಾಳೆ ಬಾ. ಇನ್ನೂ ಎರಡು ಸಲ ತೂಗಬೇಕು.”

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಆಕೆ ಬಚ್ಚಲಿನಿಂದ ಬಂದು ಗೋಡೆ ಹಿಡಿದು ಕುಳಿತಾಗ ಗಂಡ ನೀರು ತಂದಿಟ್ಟು ಪಕ್ಕದಲ್ಲೇ ಕುಳಿತ. ಮುಖ ಬಾಡಿತ್ತು.

“ಇವತ್ತೊಂದು ದಿನ ಬಿಡೇ. ಒಂದು ದಿನಕ್ಕೆ ಏನಾಗುತ್ತೆ?”

“ಒಂದು ದಿನ ಬಿಟ್ಟೋಳಿಗೆ ಎರಡನೇ ದಿನ ಬಿಡೋದು ಇನ್ನೂ ಸಲೀಸು.”

“ನಿನ್ನ ಹಟಕ್ಕೆ ನಾನು ಸೊರಗಿಹೋದೆ.”

“ನೀವು ಸೊರಗಿದ್ದು ಕಪಾಟು ತೊಳೆದಾಗ. ಆವತ್ತು ತೊಳೀದಿದ್ದರೆ ಈ ಹೊತ್ತಿಗೆ ಎಲ್ಲ ಮುಗಿದಿರ್ತಿತ್ತು.”

ಆತ ಎದ್ದುಹೋಗಿ ಎರಡು ತುಂಡು ಬ್ರೆಡ್ ಕಾಯಿಸಿ ತಂದ. ತಟ್ಟೆಯನ್ನು ಆಕೆಯ ಮುಂದಿಟ್ಟು, ನೋಡಲಾರದೆ ಕಿಟಕಿಯ ಬಳಿ ಹೋಗಿ ನಿಂತ.

ಆರು ವಾರ ತುಂಬಿದ ಮೇಲೆ ಆಸ್ಪತ್ರೆಗೆ ಮೂವರೂ ಹೋದರು. ಮಂಪರು ಬರಿಸಿದ ಮೇಲೆ ಒಂಟಿಯಾಗಿ ಮನೆಗೆ ಬಿಡುವುದಿಲ್ಲವೆಂದಿದ್ದರಿಂದ ಮಗಳು ರಜೆ ಹಾಕಿ ಬಂದಿದ್ದಳು. ಕೊಳವೆ ಇಳಿದು ಮೇಲೆ ಬರಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆರು ಚೂರು ತೆಗೆದಿದ್ದೇವೆ, ವರದಿಗೆ ಹತ್ತು ದಿನ ಎಂದರು ಡಾಕ್ಟರು.

“ಇನ್ನು ನಿಲ್ಲಿಸಬಹುದಲ್ಲ?” ಗಂಡ ಬಾಗಿಲಲ್ಲೇ ಕೇಳಿದ.

“ಚೂರು ಸಾಲದೇ ಹೋದರೆ ಇನ್ನೊಮ್ಮೆ ತೆಗೀಬೇಕಾದೀತು. ವರದಿ ಬರೋವರೆಗೂ ತಿಂತಾ ಇದ್ದರೆ ಒಳ್ಳೇದು.”

ಮಂಪರಿನಲ್ಲಿಯೇ ತಕ್ಕಡಿಯಕ್ಕ ತಲೆಯಾಡಿಸಿದಳು. ಗಂಟಲು ಕೆರೆಯುತ್ತಿತ್ತು, ತುಟಿ ಒಣಗಿತ್ತು. “ಹತ್ತು ದಿನ ತಾನೆ,” ಎಂದಳು.

ಮಂಚದ ಕಾಲ ಬಳಿ ನಿಂತಿದ್ದ ಮಗಳು ತಾಯಿಯ ಸಡಿಲಿಸಿದ ಬೆಲ್ಟನ್ನೂ ಬಿಳಿಚಿದ ಮುಖವನ್ನೂ ಬಹಳ ಹೊತ್ತು ನೋಡಿದಳು. ಕೊಟ್ಟ ಮಾತಿನ ಪ್ರಕಾರ ಅವಳಿಗಿನ್ನೂ ಹತ್ತು ದಿನದ ಗಡುವಿತ್ತು.

“ಡಾಕ್ಟರೇ, ನನ್ನ ರಕ್ತ ಇವತ್ತೇ ತಗೋಬಹುದಾ?”

“ತಗೋಬಹುದು. ಗೋಧಿ ಬಿಟ್ಟಿಲ್ಲ ತಾನೆ?”

“ಅಪ್ಪ ಅಡುಗೆಮನೆ ತೊಳೆದಾಗ ನಾನು ಬೇಕರೀಲಿ ನಿಂತು ತಿಂತಿದ್ದೆ.”

“ಕಳ್ಳಿ,” ಎಂದ ಗಂಡ, ಆದರೆ ದನಿಯಲ್ಲಿ ಕೋಪವಿರಲಿಲ್ಲ.

ಮಗಳು ಮೊಣಕೈಗೆ ಹತ್ತಿ ಒತ್ತಿಕೊಂಡು ಹಿಂತಿರುಗಿದಾಗ ತಾಯಿ ಎದ್ದು ಕುಳಿತಿದ್ದಳು.

“ವರದಿ ಬರೋವರೆಗೆ ನಾನೂ ಏನೂ ಬಿಡಬಾರದಂತೆ ಅಮ್ಮ.”

“ಬಿಡಬೇಡ,” ಎಂದಳು ತಕ್ಕಡಿಯಕ್ಕ, ಗಂಡನ ಮುಖವನ್ನೇ ನೋಡುತ್ತ. “ಯಾರು ಏನೇ ಅಂದರೂ.”