ಮಡಿಯಲ್ಲಿ ಕೇಳಿದ ಹಾಡು

ಚೆನ್ನೈಯ ಪುರಸೈವಾಕ್ಕಂನ ನಮ್ಮ ಕನ್ನಡದವರಲ್ಲಿ ನಮ್ಮತ್ತೆ ಜಯಲಕ್ಷ್ಮೀಬಾಯಿಗೆ ಹೆದರದ ಹೆಂಗಸಿರಲಿಲ್ಲ. ಮೈಸೂರಿನಿಂದ ಮದುವೆಯಾಗಿ ಬಂದ ನಾನಂತೂ ಮೊದಲ ವರ್ಷ ಬಚ್ಚಲಲ್ಲೂ ಹಾಡಿಕೊಳ್ಳಲಿಲ್ಲ. ಮೂರು ತಲೆಮಾರಿನಿಂದ ಇಲ್ಲೇ ಇದ್ದ ಮನೆತನ ಅದು. ಊರಿನ ಹೆಸರು ಚೆನ್ನೈ ಆದಮೇಲೂ ಅತ್ತೆಗೆ ಮದರಾಸೇ. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ಬೆರೆತಿತ್ತು. ದೇವರನಾಮದ ವಿಷಯಕ್ಕೆ ಬಂದರೆ ಮಾತ್ರ ಒಂದು ಹನಿ ಬೆರಕೆಯನ್ನೂ ಸಹಿಸುತ್ತಿರಲಿಲ್ಲ.

ಅವರದೊಂದು ಭಜನಾ ಮಂಡಳಿ. ಹನ್ನೊಂದು ಜನ, ಎಲ್ಲರಿಗೂ ಒಂದೇ ಬಣ್ಣದ ಸೀರೆ. ಪುಸ್ತಕದಲ್ಲಿ ದೇವರನಾಮದ ಸಾಹಿತ್ಯವಷ್ಟೇ ಇರುತ್ತದೆ. ಅದಕ್ಕೆ ಧಾಟಿ ಕೂರಿಸುವುದು ಮಂಡಳಿಯ ಹಿರಿಯಳ ಕೆಲಸ. ಸಿನಿಮಾ ಧಾಟಿಗೆ ಕೂರಿಸಿ ಹಾಡುವ ಮಂಡಳಿಗಳು ಬೇಕಾದಷ್ಟಿದ್ದವು. ಅವುಗಳ ಹೆಸರೆತ್ತಿದರೆ ಅತ್ತೆಗೆ ಮೈಯೆಲ್ಲ ಉರಿ. ಮಂಡಳಿಯಲ್ಲೇ ಒಳ್ಳೆಯ ಕಂಠ ಅಕ್ಕುವಿನದು. ಅವಳೊಮ್ಮೆ ಆರತಿ ಹಾಡಿಗೆ ಸಿನಿಮಾ ಧಾಟಿ ಹಾಕಿದ್ದಕ್ಕೆ, ದೇವರಿಗೆ ಎಂಜಲು ಬಡಿಸುತ್ತೀಯಾ ಎಂದು ಎಲ್ಲರೆದುರಿಗೆ ಕೇಳಿ ಮಂಡಳಿಯಿಂದ ಹೊರಗೆ ಹಾಕಿದರು. ಅಳುತ್ತಾ ಹೋದವಳು ಎರಡು ವರ್ಷವಾದರೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇಂಥ ಅತ್ತೆಯ ಗುಟ್ಟು ನನಗೆ ಸಿಕ್ಕಿದ್ದು ಎರಡು ಸಾವಿರದ ನಾಲ್ಕರಲ್ಲಿ, ಖಾಸಗಿ ಎಫ್‌ಎಂ ಸ್ಟೇಷನ್ನುಗಳು ಬಂದ ಹೊಸದರಲ್ಲಿ. ತಲೆನೋವೆಂದು ಬ್ಯಾಂಕಿನಿಂದ ಹನ್ನೊಂದು ಗಂಟೆಗೇ ಮನೆಗೆ ಬಂದೆ. ಅಡುಗೆಮನೆಯ ರೇಡಿಯೋದಲ್ಲಿ ಕುತ್ತು ಪಾಟ್ಟು ಬರುತ್ತಿತ್ತು. ಅಂದರೆ ತಮಟೆಯ ಹೊಡೆತಕ್ಕೆ ಬೀದಿಯಲ್ಲಿ ಕುಣಿಯುವಂಥ ಸಿನಿಮಾ ಹಾಡು. ಅದರ ಮಾತು ಕೇಳಿದರೆ ದೊಡ್ಡವರ ಎದುರು ತಲೆಯೆತ್ತುವ ಹಾಗಿಲ್ಲ. ಅತ್ತೆ ಮಡಿಸೀರೆಯುಟ್ಟು ಹುಳಿ ಕುದಿಸುತ್ತಾ ಸೌಟಿನಿಂದ ಪಾತ್ರೆಯ ಅಂಚಿಗೆ ತಾಳ ಹಾಕುತ್ತಿದ್ದರು. ಸೊಂಟವೂ ಸ್ವಲ್ಪ ಅಲುಗುತ್ತಿತ್ತು, ಸುಳ್ಳೇಕೆ ಹೇಳಲಿ.

ನನ್ನನ್ನು ಕಂಡದ್ದೇ ಸೌಟು ನಿಂತಿತು. ಮಡಿಯಲ್ಲಿ ರೇಡಿಯೋ ಮುಟ್ಟುವಂತಿಲ್ಲ. ಸ್ನಾನಕ್ಕೆ ಮುಂಚೆ ಹಾಕಿಟ್ಟರೆ ನೈವೇದ್ಯ ಮುಗಿಯುವ ತನಕ ಅದು ಹಾಡುತ್ತಲೇ ಇರಬೇಕು. ಸಮಾಚಾರಕ್ಕೆ ಅಂತ ಹಾಕಿದ್ದೆ, ಈ ಹಾಳು ಪಾಟ್ಟು ಬಂತು ಎಂದರು. ನಾನು ಆರಿಸಲು ಕೈ ಚಾಚಿದೆ.

"ಇರ್ಲಿ ಬಿಡು," ಎಂದರು, ಹುಳಿಯನ್ನೇ ನೋಡುತ್ತಾ. "ಮುಗೀಲಿ."

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ನನಗೆ ಒಳಗೊಳಗೇ ನಗು. ಆದರೂ ಗಂಡ ವಿಠ್ಠಲನಿಗೂ ಹೇಳಲಿಲ್ಲ. ಅಷ್ಟು ಬಿಗಿಯಾದ ಹೆಂಗಸಿಗೆ ದಿನಕ್ಕೆರಡು ಗಂಟೆ ಖುಷಿ ಸಿಗುತ್ತಿದೆಯಲ್ಲ ಎಂದು ನನಗೆ ನಿಜವಾಗಿ ಸಂತೋಷವಾಗಿತ್ತು.

ಆ ವರ್ಷ ಮಠದ ಆರಾಧನೆಯಲ್ಲಿ ಹಾಡಲು ಅತ್ತೆಯ ಮಂಡಳಿಗೆ ಹದಿನೈದು ನಿಮಿಷ ಸಿಕ್ಕಿತು. ಅತ್ತೆ ಒಂದು ದೇವರನಾಮಕ್ಕೆ ಹೊಸ ಧಾಟಿ ಕೂರಿಸಿದರು. ಅಡುಗೆ ಮಾಡುವಾಗ ತಾನಾಗಿ ನಾಲಿಗೆಗೆ ಬಂತು, ಕೃಷ್ಣನೇ ಕೊಟ್ಟದ್ದು ಎಂದು ಎಲ್ಲರಿಗೂ ಹೇಳಿದರು. ಅಭ್ಯಾಸವೆಲ್ಲ ನಿಧಾನವಾಗಿ, ಕಣ್ಣುಮುಚ್ಚಿ ನಡೆಯಿತು. ಯಾರಿಗೂ ಏನೂ ಅನಿಸಲಿಲ್ಲ.

ಆರಾಧನೆಯ ದಿನ ಮಠದವರು ಡೋಲಕ್ ಬಾರಿಸಲು ಒಬ್ಬನನ್ನು ಕೊಟ್ಟರು. ಪಲ್ಲವಿಯನ್ನು ಎರಡು ಸಲ ಕೇಳಿದ ಅವನು ಮೀಸೆಯಲ್ಲೇ ನಕ್ಕು ತಾಳವನ್ನು ತಮಟೆಯ ನಡೆಗೆ ತಿರುಗಿಸಿದ. ಹಾಡು ಓಡತೊಡಗಿತು. ಹಿಂದಿನಿಂದ ಚಪ್ಪಾಳೆ ಬಿತ್ತು. ಎಲೆ ಹಾಕುತ್ತಿದ್ದ ಅಡುಗೆಯವರು ಬಾಗಿಲಿಗೆ ಬಂದು ನಿಂತರು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ನಮ್ಮ ಕಾಲೇಜು ಹುಡುಗಿಯರು ಆ ತಮಿಳು ಹಾಡನ್ನೇ ಗುನುಗತೊಡಗಿದರು. ಅಯ್ಯೋ ರಾಮ, ಅಡುಗೆಮನೆಯಲ್ಲಿ ಕೇಳಿದ ಅದೇ ಹಾಡು. ಕೊನೇ ಸಾಲಿನಲ್ಲಿ ಅಕ್ಕು ಕುಳಿತಿದ್ದಳು. ಅವಳೊಬ್ಬಳು ಚಪ್ಪಾಳೆ ತಟ್ಟಲಿಲ್ಲ.

ಎರಡನೇ ಚರಣದಲ್ಲಿ ಅತ್ತೆಗೂ ತಿಳಿಯಿತು. ಅವರು ಅರ್ಧ ಸಾಲು ನುಂಗಿದ್ದು ವೇದಿಕೆಯ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ನನಗೆ ಗೊತ್ತಾಯಿತು. ಹಾಡು ಹೇಗೋ ಮುಗಿಯಿತು. ಮಠದ ಹಿರಿಯರೊಬ್ಬರು, ಧಾಟಿ ಬಹಳ ಚೆನ್ನಾಗಿದೆ, ಯಾರು ಕೂರಿಸಿದ್ದು ಎಂದು ಮೈಕಿನಲ್ಲಿ ಕೇಳಿದರು. ಪಾಪ, ಅವರಿಗೆ ಎಫ್‌ಎಂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಅತ್ತೆಯ ಭಯವಿತ್ತು. ಸುಮ್ಮನೆ ಕೈಮುಗಿದು ಇಳಿದುಬಿಟ್ಟರೆ ಮಾನ ಉಳಿಯುತ್ತಿತ್ತು. ಇಳಿದುಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ.

ಅತ್ತೆ ಕೊನೇ ಸಾಲನ್ನೇ ನೋಡುತ್ತಿದ್ದರು. ಆಮೇಲೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾನು ಕೂರಿಸಿದ್ದಲ್ಲ. ಇದು ಕುತ್ತು ಪಾಟ್ಟಿನ ಧಾಟಿ. ದಿನಾ ಕೇಳ್ತೀನಿ, ನಂಗೆ ತುಂಬ ಇಷ್ಟ. ಅಕ್ಕು, ನಿನ್ನ ಅವತ್ತು ಬೈದದ್ದು ತಪ್ಪಾಯ್ತಮ್ಮ."

ಅಕ್ಕು ಎದ್ದು ನೇರ ವೇದಿಕೆಯ ಹತ್ತಿರಕ್ಕೆ ಬಂದಳು. ಎರಡು ವರ್ಷದ ಸಿಟ್ಟನ್ನೆಲ್ಲ ಇಲ್ಲೇ ತೀರಿಸಿಕೊಳ್ಳುತ್ತಾಳೆಂದು ಹೆದರಿದೆ. ಅವಳ ಕಣ್ಣು ತುಂಬಿತ್ತು.

"ಮಾಮಿ," ಎಂದಳು ಮೆಲ್ಲಗೆ, "ಪಲ್ಲವಿ ಆದ್ಮೇಲೆ ಇನ್ನೂ ಎರಡು ಏಟು ತಾಳ ಬಿಟ್ಟು ಚರಣ ಹಿಡೀಬೇಕು. ನೀವು ಬೇಗ ಹಿಡೀತೀರಿ."

ಅತ್ತೆ ಪಕ್ಕಕ್ಕೆ ಸರಿದು, ಮಂಡಳಿಯ ನಡುವೆ ತಾವು ಕೂರುವ ಜಾಗ ಬಿಟ್ಟುಕೊಟ್ಟರು.

"ಹಾಗಾದ್ರೆ ಮೇಲೆ ಬಾ. ನೀನು ಹೇಳ್ಕೊಡು, ನಾನು ಹಿಂದಿಂದ ಹೇಳ್ತೀನಿ."