ಇಶ್ಬೆಲ್ ಅಜ್ಜಿಯ ಗಂಜಿಕಳ್ಳರು

ಇಶ್ಬೆಲ್ ಗೌರ್ಲಿಗೆ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಡಂಡೀ ಊರಿನ ಆ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ದೊಡ್ಡವರನ್ನು ಕಂಡರೂ ಆಗುತ್ತಿರಲಿಲ್ಲ ಎಂಬುದನ್ನು ಸೇರಿಸಬೇಕು. ಸೆಣಬಿನ ಗಿರಣಿ ಮುಚ್ಚುವವರೆಗೆ ಅದರ ಕ್ಯಾಂಟೀನಿನಲ್ಲಿ ಬೇಯಿಸಿದವಳು. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು. ನಾಲಿಗೆ ಮೊದಲಿನಿಂದಲೂ ಹರಿತ. ಗಂಡ ತೀರಿಕೊಂಡ ಮೇಲೆ ಬೈಯಲು ಮನೆಯಲ್ಲಿ ಯಾರೂ ಇಲ್ಲದೆ, ಚರ್ಚಿನ ಹಾಲ್‌ನಲ್ಲಿ ಶಾಲೆಯ ಮಕ್ಕಳಿಗೆ ಬೆಳಗಿನ ತಿಂಡಿ ಮಾಡಲು ಒಪ್ಪಿಕೊಂಡಳು.

ತಿಂಡಿಯ ಸಮಿತಿ ಲೋರ್ನಾ ಪೆಟ್ರಿಯದು. ಒಳ್ಳೆಯ ಹೆಂಗಸು, ಆ ಒಳ್ಳೆಯತನವೇ ಅವಳ ರೋಗ. "ಬಡ ಮಕ್ಕಳಿಗೆ ಉಚಿತ ತಿಂಡಿ" ಎಂದು ಬಾಗಿಲ ಮೇಲೆ ಬಣ್ಣದ ಬೋರ್ಡು ಹಾಕಿದಳು. ಒಂದು ಮಗುವೂ ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಗುವವರು ನಗಲಿ; ನೆರೆಹೊರೆಯೆಲ್ಲ ನೋಡುತ್ತಿರುವಾಗ ಆ ಬೋರ್ಡಿನ ಕೆಳಗೆ ನುಸುಳುವುದಕ್ಕಿಂತ ಹಸಿದಿರುವುದೇ ಮೇಲು ಎನ್ನುವ ಜನ ಆ ಮಕ್ಕಳ ಮನೆಯವರು. ಪಕ್ಕದ ಬೀದಿಯ ಸೆಂಗಾಳ ಮಗಳು ಐಲ್ಸಾ ತರಗತಿಯಲ್ಲಿ ತಲೆಸುತ್ತಿ ಬೀಳುತ್ತಾಳೆಂದು ಮೇಷ್ಟ್ರು ಹೇಳಿದರು.

ಇಶ್ಬೆಲ್ ಸೆಂಗಾಳನ್ನು ದಾರಿಯಲ್ಲೇ ತಡೆದಳು. "ಮಗಳನ್ನ ಕಳ್ಸೇ, ಬಿಸಿ ಗಂಜಿ ಇದೆ."

"ನಮ್ಮನೇಲಿ ಒಲೆ ಇಲ್ವಾ? ನಿನ್ನ ದಾನದ ಗಂಜಿ ಬೆಕ್ಕಿಗೆ ಹಾಕ್ಕೋ, ಮುದುಕಿ."

"ಬೆಕ್ಕಿಗೂ ನಿನ್ನಷ್ಟು ಕೊಬ್ಬಿಲ್ಲ ಕಣೇ!"

ಉಳಿದ ಗಂಜಿಯನ್ನು ಚೆಲ್ಲುವವಳಲ್ಲ ಇಶ್ಬೆಲ್. ತನ್ನ ತಾಯಿ ಮಾಡುತ್ತಿದ್ದ ಹಾಗೆ ಹಾಲ್‌ನ ಅಡುಗೆಮನೆಯ ಬೀರುವಿನ ಡ್ರಾಯರನ್ನೇ ಎಳೆದು ತೊಳೆದು, ಉಪ್ಪು ಹಾಕಿದ ಓಟ್ಸ್ ಗಂಜಿಯನ್ನು ಅದರಲ್ಲಿ ಸುರಿದಳು. ಬೆಳಗಾಗುವಷ್ಟರಲ್ಲಿ ಅದು ಗಟ್ಟಿಯಾಗಿತ್ತು. ಬಿಲ್ಲೆ ಕೊಯ್ದು, ಕೆಂಪಗೆ ಹುರಿದು, ಆರಲೆಂದು ಹಿಂದಿನ ಕಿಟಕಿಯಲ್ಲಿಟ್ಟಳು. ತಿರುಗಿ ನೋಡಿದರೆ ಎರಡು ಬಿಲ್ಲೆ ಮಾಯ. ಗೋಡೆಯಾಚೆ ಐಲ್ಸಾ ಬಾಯಿ ತುಂಬಿಕೊಂಡು ಓಡುತ್ತಿದ್ದಳು.

"ಕಳ್ಳ ಮುಂಡೇವಾ!" ಎಂದು ಸೌಟು ಹಿಡಿದು ಅರಚಿದಳು. ಮಾರನೆಯ ದಿನ ಇನ್ನೂ ಹೆಚ್ಚು ಬಿಲ್ಲೆ ಇಟ್ಟಳು, ಇನ್ನೂ ಜೋರಾಗಿ ಅರಚಿದಳು. ನೋಡನೋಡುತ್ತ ಆ ಕಡೆಯ ಮಕ್ಕಳೆಲ್ಲ ಕಳ್ಳರಾದರು. ಐಲ್ಸಾ ಬೀಳುವುದು ನಿಂತಿತು.

ಸುದ್ದಿ ಲೋರ್ನಾಳ ಕಿವಿಗೆ ಬಿತ್ತು. ಅವಳಿಗೆ ಕಣ್ಣೀರೇ ಬಂತು. "ಅಯ್ಯೋ ಪಾಪ, ಕದ್ದು ತಿನ್ನೋ ಗತಿ ಬಂತಲ್ಲ ಇಶ್ಬೆಲ್!" ಎನ್ನುತ್ತ ಕಿಟಕಿಗೂ ಒಂದು ಬೋರ್ಡು ತಗುಲಿಸಿದಳು: "ಕದಿಯಬೇಡಿ ಮಕ್ಕಳೇ, ಇದು ನಿಮಗಾಗಿಯೇ. ಉಚಿತ." ಮರುದಿನ ಬಿಲ್ಲೆಗಳು ತಣ್ಣಗಾಗಿ ಕಡಲಹಕ್ಕಿಗಳ ಪಾಲಾದವು. ಅದರ ಮರುದಿನವೂ ಅಷ್ಟೇ. ಐಲ್ಸಾ ಮತ್ತೆ ತರಗತಿಯಲ್ಲಿ ಬಿದ್ದಳು, ಈ ಸಲ ಹಣೆ ಒಡೆದುಕೊಂಡಳು.

ಇಶ್ಬೆಲ್ ಬೋರ್ಡು ಕಿತ್ತು ಲೋರ್ನಾಳ ಕೈಗಿಟ್ಟಳು. "ತಗೊಳ್ಳಮ್ಮ ತಾಯಿ. ಪುಣ್ಯ ಕಟ್ಕೊಳ್ಳೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ." ಅಲ್ಲಿಂದ ನೆಟ್ಟಗೆ ಸೆಂಗಾಳ ಮನೆಯ ಮುಂದೆ ನಿಂತು ಗಿರಣಿಯ ಗಂಟಲು ತೆಗೆದಳು.

"ಬಾರೇ ಆಚೆಗೆ! ನಿನ್ನ ಮಗಳು ಕಳ್ಳಿ! ದಿನಾ ನನ್ನ ಕಿಟಕಿಯಿಂದ ಕದ್ದಿದಾಳೆ. ನಾನು ಯಾರಿಗೂ ದಾನ ಕೊಟ್ಟಿಲ್ಲ, ಕೊಡೋದೂ ಇಲ್ಲ!"

ಬೀದಿಯ ಕಿಟಕಿಗಳೆಲ್ಲ ತೆರೆದವು. ಸೆಂಗಾ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಕೊಟ್ಟು, ಮುದುಕಿಯ ಮುಖವನ್ನೇ ತುಸು ಹೊತ್ತು ದಿಟ್ಟಿಸಿದಳು. ಆಮೇಲೆ ಊರಿಗೇ ಕೇಳುವಂತೆ ಕೂಗಿದಳು.

"ಹೌದು, ಕದ್ದಿದಾಳೆ! ನಾಳೆನೂ ಕದೀತಾಳೆ. ಅದೇನ್ ಕಿತ್ಕೋತೀಯೋ ಕಿತ್ಕೋ ಹೋಗು!"

ಇಶ್ಬೆಲ್‌ಗೆ ಹೋದ ಜೀವ ಬಂದಂತಾಯಿತು. "ಬರ್ಲಿ, ಕಾಲು ಮುರೀತೀನಿ!" ಎಂದು ಬೈದು, ಗಂಜಿಗೆ ನೀರಿಡಲು ಹೊರಟಳು.